ಸೂರ್ಯನನ್ನು ಇಡುವ ಪಾತ್ರೆ ಯಾವುದು?

ಪುಣೆಯ ಭೋಸರಿಯಲ್ಲಿ ನಾನು ಕೆಲಸ ಮಾಡುವ ಶೆಡ್ಡಿನಲ್ಲಿ ನಿಪ್ಪಾಣಿ ಕಡೆಯ ಒಬ್ಬ ವೆಲ್ಡರ್ ಇದ್ದಾರೆ. ವಯಸ್ಸು ಅರವತ್ತರ ಹತ್ತಿರ. ಎಲ್ಲರೂ ಕಾಕಾ ಅಂತಲೇ ಕರೆಯುತ್ತೇವೆ. ಅವರು ಆರ್ಗಾನ್ ವೆಲ್ಡಿಂಗ್ ಮಾಡುತ್ತಾರೆ. ನಾನು ಆ ಬೆಸುಗೆಯ ಎಕ್ಸ್‌ರೇ ಫಿಲ್ಮ್ ನೋಡಿ ಪಾಸೋ ರಿಪೇರಿಯೋ ಹೇಳುತ್ತೇನೆ. ಹಾಗಾಗಿ ನಮ್ಮಿಬ್ಬರ ಸಂಬಂಧ ಸ್ವಲ್ಪ ಅತ್ತೆ-ಸೊಸೆಯದು.

ಒಂದು ದಿನ ಚಹಾ ಹೊತ್ತಿನಲ್ಲಿ ಅವರ ಮೊಬೈಲಿಗೆ ಒಂದು ಸುದ್ದಿ ಬಂತು. ಫ್ರಾನ್ಸಿನಲ್ಲಿ ‘ಕೃತಕ ಸೂರ್ಯ’ 22 ನಿಮಿಷ ಉರಿಯಿತಂತೆ, 5 ಕೋಟಿ ಡಿಗ್ರಿ ಶಾಖವಂತೆ. ಕಾಕಾ ಕೇಳಿದರು: “ಸಾಹೇಬ್ರ, ಸೂರ್ಯನ್ನ ಹಿಡಿದಿಟ್ಟಾರ ಅಂತ ಬರ್ದಾರ. ಯಾವ ಪಾತ್ರ್ಯಾಗ ಇಟ್ಟಾರ್ರಿ?”

ನಾನು ಓದಿಕೊಂಡವನ ಠೀವಿಯಲ್ಲಿ ಹೇಳಿದೆ, ಪಾತ್ರೆಗೆ ಅದು ತಾಗುವುದೇ ಇಲ್ಲ, ಮ್ಯಾಗ್ನೆಟ್ ಹಿಡಿದಿರುತ್ತದೆ ಅಂತ. ಕಾಕಾ ಒಂದು ಗುಟುಕು ಕುಡಿದು, “ಮ್ಯಾಗ್ನೆಟ್ ಹಿಡೀತೈತಿ, ಬರೋಬ್ಬರಿ. ಮತ್ತ ಆ ಶಾಖ ಎಲ್ಲಿ ಹೋಗ್ತೈತಿ?” ಅಂದರು.

ಸೂರ್ಯನಲ್ಲಿ ಆಗುವಂತೆ ಹೈಡ್ರೋಜನ್ ಪರಮಾಣುಗಳನ್ನು ಒಂದಕ್ಕೊಂದು ಬೆಸೆದು ಶಕ್ತಿ ತೆಗೆಯುವುದಕ್ಕೆ ಫ್ಯೂಷನ್ ಅನ್ನುತ್ತಾರೆ. ಅದರ ಬಗ್ಗೆ ಕೇಳಬೇಕಾದ ಪ್ರಶ್ನೆ ಇದೇ. ನಮ್ಮ ಪತ್ರಿಕೆಗಳಲ್ಲಿ, ಟಿವಿಯಲ್ಲಿ ಬರುವುದೆಲ್ಲ ಎಷ್ಟು ಡಿಗ್ರಿ, ಎಷ್ಟು ಸೆಕೆಂಡ್ ಅನ್ನುವ ಲೆಕ್ಕ. ಗೋಡೆಯ ಸುದ್ದಿ ಬರುವುದೇ ಇಲ್ಲ. ನನ್ನ ಮಟ್ಟಿಗೆ ಫ್ಯೂಷನ್ ಕರೆಂಟ್ ನಮ್ಮ ಮನೆಗೆ ಬರುತ್ತದೋ ಇಲ್ಲವೋ ಅನ್ನುವುದು ಒಳಗಿನ ಬೆಂಕಿಗಿಂತ ಹೆಚ್ಚಾಗಿ ಆ ಗೋಡೆಯ ಮೇಲೇ ನಿಂತಿದೆ.

ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ದೊಡ್ಡ ಫ್ಯೂಷನ್ ಯಂತ್ರಕ್ಕೆ ಬೇಕಾದ ಶಾಖ 15 ಕೋಟಿ ಡಿಗ್ರಿ ಅಂದ ತಕ್ಷಣ ನಮಗೆ ಅನ್ನಿಸುವುದು, ಅದು ಗೋಡೆಗೆ ತಾಗಿದರೆ ಎಲ್ಲ ಆವಿ ಅಂತ. ಹಾಗೇನೂ ಆಗುವುದಿಲ್ಲ. ಒಳಗಿರುವುದು ಪ್ಲಾಸ್ಮಾ, ಅಂದರೆ ಕಾದು ಎಲೆಕ್ಟ್ರಾನ್‌ಗಳು ಕಳಚಿಕೊಂಡ ಅನಿಲ. ಅದು ತುಂಬಾ ತೆಳು. ಫ್ರಾನ್ಸಿನ ಕಡರಾಶ್‌ನಲ್ಲಿ ಭಾರತವೂ ಸೇರಿ ಹಲವು ದೇಶಗಳು ಕಟ್ಟುತ್ತಿರುವ ಐಟರ್ ಯಂತ್ರದ ಹೊಟ್ಟೆ ದೊಡ್ಡ ಬಂಗಲೆಯಷ್ಟಿದೆ. ಅದರೊಳಗೆ ಯಾವುದೇ ಕ್ಷಣದಲ್ಲಿ ಒಂದು ಗ್ರಾಂ ಇಂಧನವೂ ಇರುವುದಿಲ್ಲ. ತೊಂದರೆ ಇರುವುದು ಡಿಗ್ರಿಯಲ್ಲಿ ಅಲ್ಲ, ಅಂಗೈಯಗಲದ ಜಾಗದ ಮೇಲೆ ಪ್ರತಿ ಸೆಕೆಂಡಿಗೆ ಎಷ್ಟು ಶಾಖ ಬಂದು ಬೀಳುತ್ತದೆ ಅನ್ನುವುದರಲ್ಲಿ.

ಲೆಕ್ಕ ಹೀಗಿದೆ. ಐಟರ್ ಪೂರ್ತಿ ಬಲದಲ್ಲಿ ಓಡಿದಾಗ 500 ಮೆಗಾವ್ಯಾಟ್ ಫ್ಯೂಷನ್ ಶಕ್ತಿ ಹುಟ್ಟಬೇಕು. ಅದರಲ್ಲಿ ಐದರಲ್ಲಿ ನಾಲ್ಕು ಪಾಲನ್ನು ನ್ಯೂಟ್ರಾನ್‌ಗಳು ಹೊತ್ತು ಹೊರಗೆ ಓಡುತ್ತವೆ. ಅವಕ್ಕೆ ಮ್ಯಾಗ್ನೆಟ್ಟಿನ ಹಂಗಿಲ್ಲ. ಗೋಡೆಯ ಒಳಕ್ಕೆ ಹೊಕ್ಕು ದಪ್ಪ ಕವಚದ ತುಂಬ ಶಾಖವನ್ನು ಹರಡಿಬಿಡುತ್ತವೆ. ಉಳಿದ 100 ಮೆಗಾವ್ಯಾಟ್ ಹೀಲಿಯಂ ಕಣಗಳ ಪಾಲು, ಅದು ಪ್ಲಾಸ್ಮಾದಲ್ಲೇ ಉಳಿಯುತ್ತದೆ. ಹೊರಗಿನಿಂದ ಕಾಯಿಸಲು ನಾವು ಕೊಡುವ 50 ಮೆಗಾವ್ಯಾಟ್ ಅದರ ಜೊತೆ. ಈ 150 ಮೆಗಾವ್ಯಾಟ್ ಎಲ್ಲಾದರೂ ಹೊರಗೆ ಬರಲೇಬೇಕು. ಒಂದಿಷ್ಟು ಬೆಳಕಾಗಿ ಎಲ್ಲ ಕಡೆ ಚೆಲ್ಲುತ್ತದೆ. ಉಳಿದದ್ದು ಮ್ಯಾಗ್ನೆಟ್ಟಿನ ಗೆರೆಗಳನ್ನೇ ಹಿಡಿದು ಯಂತ್ರದ ತಳಕ್ಕೆ ಇಳಿಯುತ್ತದೆ.

ಆ ತಳದ ಭಾಗದ ಹೆಸರು ಡೈವರ್ಟರ್. ಹಳ್ಳಿಮನೆಯ ಬಚ್ಚಲಿಗೆ ತೂಬು ಇದ್ದಂತೆ. ಫ್ಯೂಷನ್ನಿನ ಬೂದಿ ಹೀಲಿಯಂ. ಅದೂ ಅಲ್ಲಿಂದಲೇ ಹೊರಗೆ ಹೋಗಬೇಕು, ಶಾಖವೂ ಅಲ್ಲೇ ಇಳಿಯಬೇಕು. ಆದರೆ ತೂಬಿನ ಬಾಯಿ ತುಂಬಾ ಕಿರಿದು. ಪ್ಲಾಸ್ಮಾದ ಅಂಚಿನಲ್ಲಿ ಶಾಖ ಹರಿಯುವ ಪದರದ ದಪ್ಪ ಐಟರ್‌ನಲ್ಲಿ ಒಂದೇ ಮಿಲಿಮೀಟರ್ ಆಸುಪಾಸು ಇರಬಹುದು ಅಂತ ಹಲವು ಯಂತ್ರಗಳ ಅಳತೆಗಳಿಂದ ತೆಗೆದ ಅಂದಾಜು ಹೇಳುತ್ತದೆ. ತಳಕ್ಕೆ ಬರುವಷ್ಟರಲ್ಲಿ ಅದು ಸ್ವಲ್ಪ ಅಗಲವಾಗುತ್ತದೆ ಅನ್ನುವುದೊಂದು ಸಮಾಧಾನ. ಹಾಗಿದ್ದೂ ಡೈವರ್ಟರ್‌ನ ಹಲಗೆಗಳು ಚದರ ಮೀಟರಿಗೆ 10 ಮೆಗಾವ್ಯಾಟ್ ಶಾಖವನ್ನು ಸತತವಾಗಿ, ಆಗಾಗ ಕೆಲವು ಸೆಕೆಂಡ್ 20 ಮೆಗಾವ್ಯಾಟ್ ತಡೆಯಬೇಕು ಅಂತ ಡಿಸೈನ್ ಆಗಿದೆ.

10 ಮೆಗಾವ್ಯಾಟ್ ಅಂದರೆ ತಲೆಗೆ ಹೋಗುವುದಿಲ್ಲ, ಅಲ್ವಾ? ಮನೆಯ ಇಸ್ತ್ರಿಪೆಟ್ಟಿಗೆ 1,000 ವ್ಯಾಟಿನದು ಅಂದುಕೊಳ್ಳಿ. ಅದರ ಪೂರ್ತಿ ಶಾಖವನ್ನು ನಿಮ್ಮ ಕಿರುಬೆರಳಿನ ಉಗುರಿನಷ್ಟು ಜಾಗಕ್ಕೆ, ಒಂದು ಚದರ ಸೆಂಟಿಮೀಟರಿಗೆ, ಇಳಿಸಬೇಕು. ಪಕ್ಕದ ಉಗುರಿನಗಲಕ್ಕೆ ಇನ್ನೊಂದು ಇಸ್ತ್ರಿಪೆಟ್ಟಿಗೆ. ಹೀಗೆ ಸಾಲಾಗಿ. ಏಪ್ರಿಲ್ ನಡುಮಧ್ಯಾಹ್ನ ಪುಣೆಯ ಬಿಸಿಲು ಚದರ ಮೀಟರಿಗೆ ಸುಮಾರು 1,000 ವ್ಯಾಟ್. ಅದರ ಹತ್ತು ಸಾವಿರ ಪಟ್ಟು ಇದು.

ಇಷ್ಟನ್ನು ತಡೆಯಲು ಮನುಷ್ಯನಿಗೆ ಸಿಕ್ಕಿರುವ ಲೋಹ ಟಂಗ್‌ಸ್ಟನ್. ಕಾಕಾನ ಟಾರ್ಚಿನ ತುದಿಯಲ್ಲಿ ಇರುವ ಕಡ್ಡಿಯೂ ಅದೇ. ಕರಗಲು 3,422 ಡಿಗ್ರಿ ಬೇಕು. ಅಷ್ಟು ಬಿಸಿಯಲ್ಲಿ ಕರಗುವ ಲೋಹ ಇನ್ನೊಂದಿಲ್ಲ.

ಆರ್ಗಾನ್ ವೆಲ್ಡಿಂಗಿನ ಆರ್ಕ್ ಕೂಡ ಪ್ಲಾಸ್ಮಾನೇ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅದರ ಶಾಖ ಟಂಗ್‌ಸ್ಟನ್ ಕರಗುವ ಮಿತಿಗಿಂತ ಎಷ್ಟೋ ಮೇಲೆ ಇರುತ್ತದೆ. ಆದರೂ ಕಡ್ಡಿ ಉಳಿಯುತ್ತದೆ. ಯಾಕೆಂದರೆ ಕರೆಂಟಿನ ದಿಕ್ಕು ಸರಿಯಾಗಿ ಕೊಟ್ಟರೆ ಶಾಖದ ದೊಡ್ಡ ಪಾಲು ಬೆಸೆಯುವ ವಸ್ತುವಿಗೆ ಹೋಗುತ್ತದೆ. ಕಡ್ಡಿಗೆ ಬಂದದ್ದನ್ನು ಹಿಂದಿನಿಂದ ಟಾರ್ಚ್ ಎಳೆದುಕೊಳ್ಳುತ್ತದೆ. ಜಾಸ್ತಿ ಆಂಪ್ಸ್ ಇದ್ದರೆ ಟಾರ್ಚಿನೊಳಗೆ ನೀರು ಓಡಿಸಬೇಕು. ಡೈವರ್ಟರ್‌ನ ಗುಟ್ಟೂ ಇಷ್ಟೇ. ಟಂಗ್‌ಸ್ಟನ್ನಿನ ಚಿಕ್ಕ ಚಿಕ್ಕ ತುಂಡುಗಳಿಗೆ ನಡುವೆ ತೂತು ಕೊರೆದು, ಮಣಿ ಪೋಣಿಸಿದಂತೆ ಒಂದು ತಾಮ್ರದ ಮಿಶ್ರಲೋಹದ ಕೊಳವೆಗೆ ಪೋಣಿಸುತ್ತಾರೆ. ಕೊಳವೆಯಲ್ಲಿ ಒತ್ತಡದ ನೀರು ಹರಿಯುತ್ತದೆ. ಮುಂದೆ ಬೆಂಕಿ, ಹಿಂದೆ ನೀರು, ನಡುವೆ ಕೆಲವೇ ಮಿಲಿಮೀಟರ್ ಲೋಹ. ಐಟರ್‌ನ ತಳದಲ್ಲಿ ಇಂಥ ಮಣಿಗಳನ್ನು ಹೊತ್ತ ಸುಮಾರು 10 ಟನ್ ತೂಕದ 54 ಪೆಟ್ಟಿಗೆಗಳು ಸುತ್ತಲೂ ಕೂರುತ್ತವೆ.

ಹಾಗಾದರೆ ಕರಗುವುದಿಲ್ಲವಲ್ಲ, ಸಮಸ್ಯೆ ಏನು? ಕರಗುವುದಕ್ಕೆ ಎಷ್ಟೋ ಮೊದಲೇ ಟಂಗ್‌ಸ್ಟನ್ ಕೆಡುತ್ತದೆ. ಈ ಲೇಖನ ಬರೆಯಲು ಕೂತದ್ದೇ ಅದಕ್ಕೆ.

ಟಂಗ್‌ಸ್ಟನ್ ಒಂದು ವಿಚಿತ್ರ ಲೋಹ. ತಣ್ಣಗಿದ್ದಾಗ ಅದು ಪೆಡಸು. ಕಾಕಾನ ಕೈಯಿಂದ ಕಡ್ಡಿ ಕೆಳಗೆ ಬಿದ್ದರೆ ಕೆಲವೊಮ್ಮೆ ಗಾಜಿನಂತೆ ಎರಡು ತುಂಡು. ಸುಮಾರು 200ರಿಂದ 400 ಡಿಗ್ರಿ ದಾಟಿದ ಮೇಲಷ್ಟೇ ಅದಕ್ಕೆ ಸ್ವಲ್ಪ ಬಾಗುವ ಗುಣ ಬರುತ್ತದೆ. ಇನ್ನೊಂದು ತುದಿಯಲ್ಲಿ, 1,200-1,300 ಡಿಗ್ರಿ ದಾಟಿ ತುಂಬ ಹೊತ್ತು ಇದ್ದರೆ ಒಳಗಿನ ಹರಳುಗಳು ಹೊಸದಾಗಿ ಕಟ್ಟಿಕೊಂಡು ದೊಡ್ಡದಾಗುತ್ತವೆ. ಕಾರ್ಖಾನೆಯಲ್ಲಿ ಉರುಳೆಗೆ ಕೊಟ್ಟು, ಬಡಿದು ತಂದ ಗಟ್ಟಿತನವೆಲ್ಲ ಹೋಗಿ ಲೋಹ ಮೆದುವಾಗುತ್ತದೆ. ತಣಿದಾಗ ಮತ್ತೆ ಮೊದಲಿಗಿಂತ ಬೇಗ ಬಿರುಕು ಬಿಡುತ್ತದೆ. ಹಿಂದಿರುವ ತಾಮ್ರದ ಕೊಳವೆಯ ಪಾಡು ಇನ್ನೂ ಕಷ್ಟ. ಅದು ಸುಮಾರು 350 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳುತ್ತದೆ. ಹಾಗಾಗಿ 3,422 ಅನ್ನುವ ದೊಡ್ಡ ಸಂಖ್ಯೆ ಕಾಗದದ ಮೇಲೆ ಚೆಂದ. ನಿಜವಾಗಿ ಆಡಲು ಸಿಗುವ ಅಂಗಳ ಅದರ ಮೂರರಲ್ಲಿ ಒಂದು ಪಾಲಷ್ಟೇ. 20 ಮೆಗಾವ್ಯಾಟಿನ ಪರೀಕ್ಷೆಗಳಲ್ಲಿ ಮಣಿಗಳ ಮೇಲ್ಮೈ ಆ ಹರಳಿನ ಮಿತಿ ದಾಟುತ್ತದೆ. ನೂರಾರು ಸಲ ಕಾಯಿಸಿ ತಣಿಸಿದ ಮೇಲೆ ನಟ್ಟನಡುವೆ ಸೀಳಿದಂತೆ ಕೊಳವೆಯ ಕಡೆಗೆ ಇಳಿಯುವ ಬಿರುಕುಗಳು ಕಂಡಿವೆ.

ಇದು ನಿಧಾನದ ಶಾಖದ ಕಥೆ. ಫಟ್ ಅಂತ ಬರುವ ಶಾಖದ ಕಥೆ ಬೇರೆ. ಪ್ಲಾಸ್ಮಾದ ಅಂಚು ಆಗಾಗ ತೇಗುತ್ತದೆ. ಒಂದು ಮಿಲಿಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಒಂದಿಷ್ಟು ಶಕ್ತಿಯನ್ನು ಡೈವರ್ಟರ್ ಮೇಲೆ ಕಾರುತ್ತದೆ. ಅಷ್ಟು ಕಡಿಮೆ ಸಮಯದಲ್ಲಿ ಶಾಖ ಲೋಹದೊಳಗೆ ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲು ಮಾತ್ರ ಇಳಿಯುತ್ತದೆ. ಹಿಂದೆ ಎಷ್ಟು ನೀರು ಓಡಿಸಿದರೂ ಆ ಕ್ಷಣಕ್ಕೆ ಪ್ರಯೋಜನವಿಲ್ಲ. ಮೇಲಿನ ಪೊರೆ ಹಿಗ್ಗಲು ಹೋಗುತ್ತದೆ, ಕೆಳಗಿನ ತಣ್ಣನೆಯ ಲೋಹ ಬಿಡುವುದಿಲ್ಲ. ಉರಿಯುವ ಲಾಟೀನಿನ ಬುರುಡೆಗೆ ಒಂದು ಹನಿ ನೀರು ಸಿಡಿದರೆ ಏನಾಗುತ್ತದೆ ಅಂತ ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು. ಅದೇ ಜಗ್ಗಾಟ ಇಲ್ಲೂ. ವ್ಯತ್ಯಾಸ ಅಂದರೆ ಇಲ್ಲಿ ಅದು ಸೆಕೆಂಡಿಗೆ ಒಂದೆರಡು ಸಲ, ಇಲ್ಲವೇ ಇನ್ನೂ ಹೆಚ್ಚು ಸಲ. ಲಕ್ಷಾಂತರ ಸಲ ಆದ ಮೇಲೆ ಮೇಲ್ಮೈ ಬೇಸಿಗೆಯ ಕೆರೆಯಂಗಳ ಒಡೆದಂತೆ ಕಾಣುತ್ತದೆ.

ಅದಕ್ಕಿಂತ ದೊಡ್ಡ ಅನಾಹುತವೂ ಇದೆ. ಕೆಲವೊಮ್ಮೆ ಪ್ಲಾಸ್ಮಾ ಹಿಡಿತ ತಪ್ಪಿ ಪೂರ್ತಿ ಕುಸಿಯುತ್ತದೆ. ಐಟರ್‌ನ ಪ್ಲಾಸ್ಮಾದಲ್ಲಿ ಸುಮಾರು 350 ಮೆಗಾಜೂಲ್ ಶಾಖ ಇರುತ್ತದೆ. ನಮ್ಮ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಅದು ಸುಮಾರು 97 ಯೂನಿಟ್. ಸಣ್ಣ ಮನೆಯೊಂದರ ತಿಂಗಳ ಬಳಕೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಗೋಡೆಗೆ ಬಡಿದಂತೆ. ಅದರ ಹಿಂದೆಯೇ ಬೆಳಕಿನ ವೇಗದ ಹತ್ತಿರ ಓಡುವ ಎಲೆಕ್ಟ್ರಾನ್‌ಗಳ ಕಂತೆಯೊಂದು ಹುಟ್ಟಬಹುದು. ಅದು ಒಂದೇ ಜಾಗಕ್ಕೆ ಹೋಗಿ ನೆಟ್ಟರೆ ಡ್ರಿಲ್ಲಿನಂತೆ ಕೊರೆಯುತ್ತದೆ. ಇಂಗ್ಲೆಂಡಿನ ಜೆಟ್ ಎಂಬ ಫ್ಯೂಷನ್ ಯಂತ್ರ 2023ರ ಡಿಸೆಂಬರ್ 18ರಂದು ತನ್ನ ಕೊನೆಯ ಓಟ ಓಡಿತು. ಅವತ್ತು ವಿಜ್ಞಾನಿಗಳು ಬೇಕಂತಲೇ ಅಂಥ ಎಲೆಕ್ಟ್ರಾನ್‌ಗಳನ್ನು ಒಳಗೋಡೆಗೆ ಬಿಟ್ಟು ಎಷ್ಟು ಹಾಳಾಗುತ್ತದೆ ನೋಡಿದರು. ಹೇಗೂ ಮಾರುವ ಗಾಡಿ, ಒಂದು ಸಲ ಗುದ್ದಿಸಿ ನೋಡೋಣ ಅಂದಂತೆ. ನನಗಂತೂ ಇದು ಬಹಳ ಹಿಡಿಸಿತು.

ಜೋಡಣೆಯ ಅಳತೆಯೂ ಇಲ್ಲಿ ಪ್ರಾಣ ಹಿಂಡುತ್ತದೆ. ಮ್ಯಾಗ್ನೆಟ್ಟಿನ ಗೆರೆಗಳು ಹಲಗೆಯ ಮೇಲೆ ನೇರವಾಗಿ ಬೀಳುವುದಿಲ್ಲ. ಎರಡು ಮೂರು ಡಿಗ್ರಿ ಓರೆಯಲ್ಲಿ ಸವರಿಕೊಂಡು ಹೋಗುತ್ತವೆ. ಸಂಜೆಯ ಬಿಸಿಲು ನೆಲವನ್ನು ಸುಡುವುದಿಲ್ಲ, ಆದರೆ ಪಡುವಣದ ಗೋಡೆಗೆ ನೆಟ್ಟಗೆ ಹೊಡೆಯುತ್ತದೆ. ಹಾಗೆಯೇ ಒಂದು ಮಣಿ ಪಕ್ಕದ್ದಕ್ಕಿಂತ ಅರ್ಧ ಮಿಲಿಮೀಟರ್ ಎದ್ದಿದ್ದರೆ ಸಾಕು. ಅದರ ಅಂಚಿಗೆ ಇಪ್ಪತ್ತು ಪಟ್ಟಿನ ಆಸುಪಾಸು ಶಾಖ ನೇರ ಬಡಿಯುತ್ತದೆ. ಅದಕ್ಕೇ ಐಟರ್‌ನ ಮಣಿಗಳ ತಲೆಯನ್ನು ಅರ್ಧ ಮಿಲಿಮೀಟರ್ ಇಳಿಜಾರು ಮಾಡಿ, ಪ್ರತಿಯೊಂದೂ ಮುಂದಿನದರ ಅಂಚಿಗೆ ನೆರಳು ಕೊಡುವಂತೆ ಮಾಡಿದ್ದಾರೆ. ಹಂಚಿನ ಮಾಡಿನಲ್ಲಿ ಒಂದು ಹಂಚು ಮುಂದಿನದರ ಮೇಲೆ ಚಾಚಿರುತ್ತದಲ್ಲ, ಹಾಗೆ. ಜೆಟ್‌ನಲ್ಲಿ 2013ರಲ್ಲಿ ಒಂದು ಟಂಗ್‌ಸ್ಟನ್ ಪಟ್ಟಿಯ ಅಂಚನ್ನು ಬೇಕಂತಲೇ ಎತ್ತರಿಸಿ, ಅದು ಕರಗುವುದನ್ನು ನೋಡಿ ಕಲಿತರು.

ಇನ್ನೊಂದು ಬಗೆಯ ಹಾಳು ಕಣ್ಣಿಗೆ ಕರಿಮಸಿ ಹತ್ತಿದಂತೆ ಕಾಣುತ್ತದೆ. ಹೀಲಿಯಂ ಬೂದಿ ಅಂದೆನಲ್ಲ, ಅದು ಬಿಸಿ ಟಂಗ್‌ಸ್ಟನ್ನಿನೊಳಗೆ ಹೊಕ್ಕು ಸಣ್ಣ ಸಣ್ಣ ಗುಳ್ಳೆಯಾಗುತ್ತದೆ. ಸುಮಾರು 700 ಡಿಗ್ರಿಯಿಂದ ಮೇಲಕ್ಕೆ ಆ ಗುಳ್ಳೆಗಳು ಲೋಹವನ್ನೇ ಮೇಲಕ್ಕೆ ತಳ್ಳಿ ನೂಲಿಗಿಂತ ಸಾವಿರಾರು ಪಟ್ಟು ಸಣ್ಣ ಎಳೆಗಳ ಪೊದೆ ಬೆಳೆಸುತ್ತವೆ. ಬೂಷ್ಟು ಹಿಡಿದ ರೊಟ್ಟಿಯ ಹಾಗೆ. ಜಪಾನಿನ ಸಂಶೋಧಕರು 2006ರಲ್ಲಿ ಇದನ್ನು ವರದಿ ಮಾಡಿದಾಗ ಲೋಹದಲ್ಲಿ ಹತ್ತಿ ಬೆಳೆದದ್ದು ನೋಡಿ ಎಲ್ಲರೂ ಬೆರಗಾದರು. ಈ ಬೂಷ್ಟಿನಲ್ಲಿ ಶಾಖ ಸರಿಯಾಗಿ ಹರಿಯುವುದಿಲ್ಲ. ಎಳೆಗಳು ಮುರಿದು ಧೂಳಾಗಬಹುದು.

ಧೂಳಾದರೆ ಏನಾಯಿತು, ಗುಡಿಸಿದರಾಯಿತು ಅನ್ನಬೇಡಿ. ಇಲ್ಲಿ ನನ್ನ ಎಕ್ಸ್‌ರೇ ಫಿಲ್ಮಿಗೆ ಬರುತ್ತೇನೆ. ಕಾಕಾ ಆಂಪ್ಸ್ ಜಾಸ್ತಿ ಕೊಟ್ಟರೆ, ಇಲ್ಲವೇ ಕಡ್ಡಿಯ ತುದಿ ಕರಗಿದ ಲೋಹಕ್ಕೆ ತಾಗಿದರೆ, ಟಂಗ್‌ಸ್ಟನ್ನಿನ ಕಿರು ತುಣುಕು ಬೆಸುಗೆಯೊಳಗೆ ಸೇರಿಬಿಡುತ್ತದೆ. ಫಿಲ್ಮಿನಲ್ಲಿ ಅದು ಬಿಳಿ ಚುಕ್ಕೆ. ಉಕ್ಕಿಗಿಂತ ಎರಡೂವರೆ ಪಟ್ಟು ಭಾರವಾದ ಲೋಹ, ಎಕ್ಸ್‌ರೇಯನ್ನು ತಡೆಯುತ್ತದೆ. ಪ್ಲಾಸ್ಮಾದಲ್ಲೂ ಇದೇ ರೋಗ. ಗೋಡೆಯಿಂದ ಎದ್ದ ಟಂಗ್‌ಸ್ಟನ್ ಪರಮಾಣು ಪ್ಲಾಸ್ಮಾದ ನಡುವಿಗೆ ಹೋದರೆ, ಅಷ್ಟು ಶಾಖದಲ್ಲೂ ತನ್ನ ಎಲೆಕ್ಟ್ರಾನ್‌ಗಳನ್ನೆಲ್ಲ ಬಿಟ್ಟುಕೊಡುವುದಿಲ್ಲ. ಉಳಿದ ಎಲೆಕ್ಟ್ರಾನ್‌ಗಳು ಒಂದೇ ಸಮನೆ ಎಕ್ಸ್‌ರೇ ಚೆಲ್ಲುತ್ತ ಒಲೆಯ ಶಾಖವನ್ನೆಲ್ಲ ಹೊರಗೆ ಹಾಕುತ್ತವೆ. ಲಕ್ಷ ಕಣಗಳ ನಡುವೆ ಬೆರಳೆಣಿಕೆಯಷ್ಟು ಟಂಗ್‌ಸ್ಟನ್ ಸೇರಿದರೂ ಬೆಂಕಿ ಮಂಕಾಗುತ್ತದೆ. ಅಂದರೆ ಗೋಡೆ ಕೆಟ್ಟರೆ ಗೋಡೆ ಮಾತ್ರ ಕೆಡುವುದಿಲ್ಲ. ಒಲೆಯೇ ಆರುತ್ತದೆ.

ಇದೇ ಕಾರಣಕ್ಕೆ ಹಿಂದೆ ಹಗುರ ವಸ್ತುಗಳನ್ನು ಬಳಸುತ್ತಿದ್ದರು. ಇಂಗಾಲ ಒಳ್ಳೆಯದಿತ್ತು. ಕರಗುವುದೇ ಇಲ್ಲ, ತುಂಬ ಕಾದರೆ ನೇರ ಆವಿಯಾಗುತ್ತದೆ, ಪ್ಲಾಸ್ಮಾದಲ್ಲಿ ಸ್ವಲ್ಪ ಸೇರಿದರೂ ಸಹಿಸಬಹುದು. ಆದರೆ ಅದು ಹೈಡ್ರೋಜನ್ ಜೊತೆ ಕೂಡಿ ಸವೆಯುತ್ತದೆ. ಸವೆದದ್ದು ಬೇರೆಲ್ಲೋ ಮಸಿಯಾಗಿ ಕೂರುವಾಗ ಇಂಧನವಾದ ಟ್ರಿಟಿಯಂ ಅನ್ನೂ ಜೊತೆಗೆ ಹಿಡಿದಿಟ್ಟುಕೊಳ್ಳುತ್ತದೆ. ಟ್ರಿಟಿಯಂ ವಿಕಿರಣ ಸೂಸುವ ಒಂದು ಬಗೆಯ ಹೈಡ್ರೋಜನ್, ಸಿಗುವುದೇ ಅಪರೂಪ, 12 ವರ್ಷ ಚಿಲ್ಲರೆಗೆ ಅರ್ಧ ಕರಗಿಹೋಗುತ್ತದೆ. ಅಂಥದ್ದನ್ನು ಗೋಡೆ ನುಂಗಿದರೆ ಹೇಗೆ? ಇಂಗಾಲ ಹೋಯಿತು. ಆಮೇಲೆ ಬೆರಿಲಿಯಂ ಬಂತು. ಐಟರ್‌ನ ಒಳಗೋಡೆಗೆ ಅದೇ ಅಂತ ಗಟ್ಟಿಯಾಗಿತ್ತು. ಜೆಟ್‌ನಲ್ಲಿ ಮೇಲೆ ಬೆರಿಲಿಯಂ, ತಳದಲ್ಲಿ ಟಂಗ್‌ಸ್ಟನ್ ಹಾಕಿ ವರ್ಷಗಟ್ಟಲೆ ಓಡಿಸಿಯೂ ನೋಡಿದರು. ಆದರೆ ಬೆರಿಲಿಯಂ 1,287 ಡಿಗ್ರಿಗೇ ಕರಗುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಕೊನೆಗೆ ಐಟರ್ 2023ರಲ್ಲಿ ಒಳಗೋಡೆಗೂ ಟಂಗ್‌ಸ್ಟನ್ನೇ ಅಂತ ಹೊರಳಿತು. 2024ರಲ್ಲಿ ಮುಂದಿಟ್ಟ ಹೊಸ ವೇಳಾಪಟ್ಟಿಯಲ್ಲಿ ಪ್ರಯೋಗಗಳ ಶುರು 2034ಕ್ಕೆ, ನಿಜವಾದ ಇಂಧನದ ಓಟ 2039ಕ್ಕೆ ಹೋಯಿತು.

ಈ ತೀರ್ಮಾನ ಸರಿಯೇ ಅಂತ ನನಗನ್ನಿಸುತ್ತದೆ. ಮುಂದೆ ಕರೆಂಟ್ ಮಾಡುವ ಯಂತ್ರಕ್ಕೆ ಬೆರಿಲಿಯಂ ಹೇಗೂ ಆಗುವುದಿಲ್ಲ, ಬೇಗ ಸವೆಯುತ್ತದೆ. ಈಗಲೇ ಟಂಗ್‌ಸ್ಟನ್ನಿನಲ್ಲಿ ಕಷ್ಟಪಡುವುದು ಮೇಲು. ಆದರೆ ಇದಕ್ಕೂ ಬೆಲೆ ತೆರಬೇಕು. ಬೆರಿಲಿಯಂ ಒಳಗಿನ ಆಮ್ಲಜನಕವನ್ನು ತಾನೇ ಹೀರಿಕೊಂಡು ಚೊಕ್ಕ ಮಾಡುತ್ತಿತ್ತು. ಟಂಗ್‌ಸ್ಟನ್ ಆ ಕೆಲಸ ಮಾಡುವುದಿಲ್ಲ. ಹಾಗಾಗಿ ಗೋಡೆಗೆ ಆಗಾಗ ಬೋರಾನ್ ಪೊರೆ ಬಳಿಯಬೇಕು. ಒಂಥರಾ ಸುಣ್ಣ ಹೊಡೆದಂತೆ.

ಈಗ ಕಾಕಾನ ಮೊಬೈಲಿನ ಸುದ್ದಿಗೆ ಬರೋಣ. ಕಡರಾಶ್‌ನಲ್ಲೇ ಇರುವ ವೆಸ್ಟ್ ಯಂತ್ರ 2025ರ ಫೆಬ್ರವರಿ 12ರಂದು ಪ್ಲಾಸ್ಮಾವನ್ನು 1,337 ಸೆಕೆಂಡ್ ಹಿಡಿದದ್ದು ನಿಜ. ಅದಕ್ಕೆ ಕೆಲವೇ ವಾರ ಮೊದಲು ಚೀನಾದ ಈಸ್ಟ್ ಯಂತ್ರ 1,066 ಸೆಕೆಂಡ್ ಮಾಡಿತ್ತು. ವೆಸ್ಟ್‌ನ ದಾಖಲೆ ನನಗೆ ಮುಖ್ಯ ಅನಿಸುವುದು ಅದರ ತಳ ಪೂರ್ತಿ ನೀರು ಓಡುವ ಟಂಗ್‌ಸ್ಟನ್ ಮಣಿಗಳದ್ದು ಅನ್ನುವುದಕ್ಕೆ. ಆದರೆ ಸುದ್ದಿಯಲ್ಲಿ ಬಿಟ್ಟುಹೋದ ಒಂದು ಅಂಕಿ ಇದೆ. ಅಲ್ಲಿ ಪ್ಲಾಸ್ಮಾಕ್ಕೆ ಕೊಟ್ಟ ಶಾಖ 2 ಮೆಗಾವ್ಯಾಟ್. ಐಟರ್‌ನಲ್ಲಿ 150. ವೆಸ್ಟ್ ಚಿಕ್ಕ ಯಂತ್ರ, ನಿಜ, ನೇರ ಹೋಲಿಕೆ ಸಲ್ಲ. ಆದರೂ 22 ನಿಮಿಷ ಅಂದದ್ದು ಸಣ್ಣ ಉರಿಯಲ್ಲಿ ಅನ್ನುವುದು ಗೊತ್ತಿರಲಿ. ಅತ್ತ ಜೆಟ್ 2023ರಲ್ಲಿ 69 ಮೆಗಾಜೂಲ್ ಫ್ಯೂಷನ್ ಶಕ್ತಿ ತೆಗೆದ ದಾಖಲೆ ಇದೆಯಲ್ಲ, ಅದು ದೊಡ್ಡ ಉರಿ. ಆದರೆ ಐದೇ ಸೆಕೆಂಡ್. ಜೆಟ್‌ನ ಹಲಗೆಗಳ ಹಿಂದೆ ನೀರು ಓಡುತ್ತಿರಲಿಲ್ಲ, ಕಾದು ಆಮೇಲೆ ತಣಿಯುತ್ತಿದ್ದವು. ದೊಡ್ಡ ಉರಿಯೂ ಹೆಚ್ಚು ಹೊತ್ತೂ ಒಟ್ಟಿಗೆ, ನ್ಯೂಟ್ರಾನ್ ಮಳೆಯ ನಡುವೆ, ಒಂದು ಗೋಡೆ ತಡೆದದ್ದನ್ನು ಇನ್ನೂ ಯಾರೂ ನೋಡಿಲ್ಲ.

ಆ ನ್ಯೂಟ್ರಾನ್ ಮಳೆಯದ್ದೇ ಬೇರೆ ಪುರಾಣ. ಅವು ಟಂಗ್‌ಸ್ಟನ್ನಿನ ಪರಮಾಣುಗಳನ್ನು ಜಾಗದಿಂದ ಎಬ್ಬಿಸುತ್ತವೆ, ಕೆಲವನ್ನು ರೀನಿಯಂ, ಆಸ್ಮಿಯಂ ಅನ್ನುವ ಬೇರೆ ಲೋಹಗಳಾಗಿಯೇ ಬದಲಿಸುತ್ತವೆ. ಲೋಹ ಇನ್ನಷ್ಟು ಪೆಡಸಾಗುತ್ತದೆ, ಶಾಖ ಸಾಗಿಸುವ ಶಕ್ತಿ ಕುಗ್ಗುತ್ತದೆ. ಇದನ್ನು ನಿಜವಾದ ಪ್ರಮಾಣದಲ್ಲಿ ಪರೀಕ್ಷಿಸಲೆಂದೇ ಸ್ಪೇನಿನ ಗ್ರನಡಾ ಹತ್ತಿರ ಡೋನ್ಸ್ ಎಂಬ ಕೇಂದ್ರ ಕಟ್ಟುತ್ತಿದ್ದಾರೆ.

ದಾರಿಗಳು ಇಲ್ಲದೇ ಇಲ್ಲ. ತಳಕ್ಕೆ ನಿಯಾನ್ ಇಲ್ಲವೇ ನೈಟ್ರೋಜನ್ ಅನಿಲ ಬಿಟ್ಟು, ಶಾಖ ಹಲಗೆಗೆ ತಾಗುವ ಮೊದಲೇ ಬೆಳಕಾಗಿ ಸುತ್ತಲೂ ಚೆಲ್ಲಿಹೋಗುವಂತೆ ಮಾಡುವುದು ಎಲ್ಲಕ್ಕಿಂತ ಮುಖ್ಯವಾದದ್ದು. ಐಟರ್ ನೆಚ್ಚಿರುವುದೂ ಅದನ್ನೇ. ಟಂಗ್‌ಸ್ಟನ್ನಿಗೆ ಲ್ಯಾಂಥನಂ, ಯಿಟ್ರಿಯಂ ಆಕ್ಸೈಡ್ ಬೆರೆಸಿ ಹರಳು ಬೆಳೆಯದಂತೆ ತಡೆಯಲೂ ನೋಡುತ್ತಿದ್ದಾರೆ. ಇದು ಕೇಳಿ ಕಾಕಾ ನಕ್ಕರು. ಅವರ ಡಬ್ಬಿಯಲ್ಲಿರುವುದೂ ಲ್ಯಾಂಥನಂ ಕಡ್ಡಿಯೇ. ಮೊದಲು ಕೆಂಪು ತುದಿಯ ಥೋರಿಯಂ ಕಡ್ಡಿ ಬರುತ್ತಿತ್ತು. ಉಜ್ಜಿದಾಗ ಏಳುವ ಧೂಳು ಒಳ್ಳೆಯದಲ್ಲ ಅಂತ ಬಿಟ್ಟರು. ಇನ್ನು ಕೆಲವರು ಗಟ್ಟಿ ಗೋಡೆಯೇ ಬೇಡ, ಕರಗಿದ ಲಿಥಿಯಂ ಇಲ್ಲವೇ ತವರವನ್ನು ಬಲೆಯಂಥ ಲೋಹದಲ್ಲಿ ಬತ್ತಿಯ ಎಣ್ಣೆಯಂತೆ ಏರಿಸೋಣ, ಸುಟ್ಟದ್ದು ತಾನೇ ತುಂಬಿಕೊಳ್ಳಲಿ ಅನ್ನುತ್ತಾರೆ. ಯೋಚನೆ ಸೊಗಸಾಗಿದೆ. ಆದರೆ ಲಿಥಿಯಂ ಬೇಗ ಆವಿಯಾಗುತ್ತದೆ, ಇಂಗಾಲದಂತೆ ಇಂಧನವನ್ನೂ ನುಂಗುತ್ತದೆ.

ನಮ್ಮ ದೇಶದ ಕೈಯೂ ಇದರಲ್ಲಿ ಇದೆ. ಮುಂಬೈಯ ಹೋಮಿ ಭಾಭಾ 1955ರಲ್ಲಿ ಜಿನೀವಾದ ಅಣುಶಕ್ತಿ ಸಮ್ಮೇಳನದ ಅಧ್ಯಕ್ಷ ಪೀಠದಿಂದಲೇ, ಎರಡು ದಶಕದೊಳಗೆ ಫ್ಯೂಷನ್ ಶಕ್ತಿಯನ್ನು ಹಿಡಿತಕ್ಕೆ ತರುವ ದಾರಿ ಸಿಗುತ್ತದೆ ಅಂದಿದ್ದರು. ಏಳು ದಶಕ ಕಳೆದವು. ಐಟರ್‌ಗೆ 30 ಮೀಟರ್ ಎತ್ತರದ, 3,850 ಟನ್ನಿನ ಉಕ್ಕಿನ ಹೊರಪಾತ್ರೆಯನ್ನು ಎಲ್ ಅಂಡ್ ಟಿ ಗುಜರಾತಿನ ಹಜೀರಾದಲ್ಲಿ ಮಾಡಿತು. ಅದರೊಳಗೆ ಪ್ಲಾಸ್ಮಾ ಇರುವ ಒಳಪಾತ್ರೆಯ ಜೋಡಿಗೋಡೆಯ ನಡುವೆ ನ್ಯೂಟ್ರಾನ್ ತಡೆಯುವ ಬೋರಾನ್ ಉಕ್ಕಿನ ಗಟ್ಟಿಗಳು ಬೆಂಗಳೂರಿನಿಂದ ಹೋದವು. ಇದನ್ನು ಹೇಳಿದಾಗ ಕಾಕಾಗೆ ಖುಷಿ. ಆದರೆ ಬೆಂಕಿಗೆ ಮುಖ ಕೊಡುವ ಭಾಗದಲ್ಲಿ ನಮ್ಮ ಪಾಲು ಹೆಚ್ಚಿಲ್ಲ.

“ಎಲ್ಲಾ ಖರೇ ಸಾಹೇಬ್ರ,” ಅಂದರು ಕಾಕಾ, “ತುದಿ ಸವದ ಮ್ಯಾಲ ಬದಲಿ ಮಾಡಾವ್ರು ಯಾರು?”

ಒಳಗೆ ಮನುಷ್ಯ ಹೋಗುವ ಹಾಗಿಲ್ಲ. ನ್ಯೂಟ್ರಾನ್ ಬಿದ್ದ ಗೋಡೆ ತಾನೇ ವಿಕಿರಣ ಸೂಸುತ್ತದೆ. ಡೈವರ್ಟರ್‌ನ 10 ಟನ್ನಿನ ಪೆಟ್ಟಿಗೆಗಳನ್ನು ರೋಬೋಗಳೇ ಕಿರಿದಾದ ಸುರಂಗದೊಳಗಿಂದ ಎಳೆದು ತರಬೇಕು. ನೀರಿನ ಕೊಳವೆ ಕತ್ತರಿಸಬೇಕು, ಹೊಸದನ್ನು ಕೂರಿಸಿ ಮತ್ತೆ ಬೆಸೆಯಬೇಕು, ಆ ಬೆಸುಗೆಯನ್ನು ಪರೀಕ್ಷೆ ಮಾಡಬೇಕು. ಎಲ್ಲ ದೂರದ ಕೋಣೆಯಲ್ಲಿ ಪರದೆ ನೋಡುತ್ತ. ಅಷ್ಟು ದಿನ ಯಂತ್ರ ಬಂದ್. ಕರೆಂಟ್ ಮಾರಿ ಬದುಕಬೇಕಾದ ಘಟಕ ಹೀಗೆ ವರ್ಷದಲ್ಲಿ ಎಷ್ಟು ತಿಂಗಳು ನಿಲ್ಲಬಹುದು? ಜೆಟ್‌ನಲ್ಲಿ ರೋಬೋ ಕೈಗಳಿಂದ ಸಾವಿರಾರು ಹಲಗೆ ಬದಲಿಸಿದ ಅನುಭವವಿದೆ. ಈಗ ಆ ಯಂತ್ರವನ್ನು ಬಿಚ್ಚುತ್ತ, ಸುಟ್ಟ ಹಲಗೆಗಳನ್ನು ತೆಗೆದು ನೋಡುತ್ತಿದ್ದಾರೆ.

ರೋಬೋ ಬೆಸುಗೆ ಹಾಕುತ್ತದೆ ಅನ್ನುವುದನ್ನು ಕಾಕಾ ನಂಬಿದ ಹಾಗೆ ಕಾಣಲಿಲ್ಲ. ಗ್ಲಾಸು ಇಟ್ಟು ಎದ್ದರು. ಮೊಂಡಾದ ಕಡ್ಡಿಯನ್ನು ಗ್ರೈಂಡರಿಗೆ ಹಿಡಿದು ಪೆನ್ಸಿಲ್ಲಿನಂತೆ ಮೊನೆ ಮಾಡಿ ಟಾರ್ಚಿಗೆ ಹಾಕಿಕೊಂಡರು. ಎರಡು ನಿಮಿಷದ ಕೆಲಸ. ಮರುದಿನ ಫಿಲ್ಮ್ ಬಂತು. ಮೂರನೇ ಜಾಯಿಂಟಿನಲ್ಲಿ ಎರಡು ಬಿಳಿ ಚುಕ್ಕೆ. ರಿಪೇರಿ ಅಂತ ಬರೆದೆ.